ಎರಡು ಊರಿನ ಗಣಕಗಳ ನಡುವೆ ಸುರಂಗ: ಕೆಟ್ಟರೆ ಎಲ್ಲಿ ಹುಡುಕಬೇಕು?

ಸುರಂಗ ಎಂದ ಕೂಡಲೇ ಬಂಟ್ವಾಳ ತಾಲೂಕಿನವರ ನೆನಪಿಗೆ ಬರುವುದು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗ. ಮಾಣಿಲ ಗ್ರಾಮದಲ್ಲಿ ಇಂಥ ಸುರಂಗಗಳು ಬಹಳಷ್ಟಿವೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದರು. ಹಲವು ಬಾರಿ ನೀರು ಸಿಗದೆ ಹೋದರೂ ಪಟ್ಟು ಬಿಡದೆ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಈ ಲೇಖನದ ವಿಷಯ ಇನ್ನೊಂದು ಬಗೆಯ ಸುರಂಗ. ಒಂದು ಊರಿನ ಗಣಕದೊಳಗೆ ನಡೆಯುವ ಯಂತ್ರವನ್ನು ಇನ್ನೊಂದು ಊರಿನ ಗಣಕದೊಳಗಿನ ಯಂತ್ರದೊಂದಿಗೆ ಜೋಡಿಸುವ ದಾರಿ ಅದು. ನೀರಿನ ಸುರಂಗದಲ್ಲಿ ಹರಿವು ನಿಂತರೆ ಬಾಯಿಯಿಂದ ಒಳಗೆ ನಡೆಯುತ್ತ ಹೋಗಿ, ಮಣ್ಣು ಎಲ್ಲಿ ಕುಸಿದಿದೆ ಎಂದು ನೋಡಬಹುದು. ಗಣಕದ ಸುರಂಗ ಕಣ್ಣಿಗೆ ಕಾಣುವುದಿಲ್ಲ. ಆದರೂ ಹುಡುಕುವ ಕ್ರಮ ಅದೇ: ಹೊರಗಿನಿಂದ ಒಳಕ್ಕೆ, ಒಂದೊಂದೇ ಹೆಜ್ಜೆ. ಈ ಕ್ರಮವನ್ನು ಬಿಟ್ಟು ಸಿಕ್ಕಸಿಕ್ಕಲ್ಲಿ ಕೈಹಾಕಿದರೆ ಒಂದು ದೋಷ ನಾಲ್ಕಾಗುತ್ತದೆ.

ಅತಿಥಿ ಮತ್ತು ಆತಿಥೇಯ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಹಕಾರಿ ಸಂಘ. ಅದರ ಪ್ರಧಾನ ಕಚೇರಿ ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಶಾಖೆಗಳು ಬೆಳ್ತಂಗಡಿ ಮತ್ತು ಮೂಡುಬಿದಿರೆಯಲ್ಲಿ. ಸಂಘ ನಮ್ಮ ಕಲ್ಪನೆಯದು. ಆದರೆ ಮುಂದೆ ಹೇಳುವ ದೋಷಗಳು ಕಲ್ಪನೆಯವಲ್ಲ. ಇಂಥ ಏರ್ಪಾಡು ಇರುವಲ್ಲೆಲ್ಲ ಅವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಪ್ರತಿ ಕಚೇರಿಯಲ್ಲೂ ಒಂದು ಬಲವಾದ ಗಣಕವಿದೆ. ಅದರೊಳಗೆ ತಂತ್ರಾಂಶದ ಸಹಾಯದಿಂದ ಹಲವು ಗಣಕಗಳು ಬೇರೆ ಬೇರೆ ಇದ್ದಂತೆಯೇ ಕೆಲಸ ಮಾಡುತ್ತವೆ: ಒಂದು ಲೆಕ್ಕಪತ್ರಕ್ಕೆ, ಒಂದು ಸದಸ್ಯರ ದಾಖಲೆಗೆ, ಒಂದು ನಕಲು ಕಾಯ್ದಿಡುವುದಕ್ಕೆ. ಇವನ್ನು ವರ್ಚುವಲ್ ಯಂತ್ರಗಳು ಎನ್ನುತ್ತಾರೆ. ಇವುಗಳಿಗೆ ಸ್ವಂತ ಪೆಟ್ಟಿಗೆ ಇಲ್ಲ, ಸ್ವಂತ ತಂತಿ ಇಲ್ಲ. ಮನೆ ಕೊಟ್ಟ ಗಣಕವನ್ನು ಆತಿಥೇಯ ಎಂದೂ ಒಳಗಿರುವ ಯಂತ್ರವನ್ನು ಅತಿಥಿ ಎಂದೂ ಕರೆಯೋಣ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಕೆವಿಎಂ ಎಂಬ ತಂತ್ರಾಂಶ 2007ರಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿತು. ಅಂದಿನಿಂದ ಸಾಧಾರಣ ಕಚೇರಿಗೂ ಇದು ಕೈಗೆಟಕುವಂತಾಯಿತು.

ಒಂದೇ ಆತಿಥೇಯದ ಅತಿಥಿಗಳು ತಮ್ಮೊಳಗೆ ಮಾತಾಡುವುದು ಸುಲಭ. ಆತಿಥೇಯದೊಳಗೆ ‘ಬ್ರಿಡ್ಜ್’ ಎಂಬ ತಂತ್ರಾಂಶದ ಸ್ವಿಚ್ ಇರುತ್ತದೆ, ಎಲ್ಲ ಅತಿಥಿಗಳೂ ಅದಕ್ಕೆ ಅಂಟಿಕೊಂಡಿರುತ್ತವೆ. ಆದರೆ ಬೆಳ್ತಂಗಡಿಯ ಅತಿಥಿ ಬಂಟ್ವಾಳದ ಅತಿಥಿಯೊಂದಿಗೆ, ಇಬ್ಬರೂ ಒಂದೇ ಕೋಣೆಯಲ್ಲಿದ್ದಂತೆ ಮಾತಾಡಬೇಕಾದರೆ? ಆಗ ಬೇಕಾಗುವುದು ಸುರಂಗ.

ಲಕೋಟೆಯೊಳಗೆ ಲಕೋಟೆ

ಸುರಂಗ ಎಂದು ಹೆಸರಿದ್ದರೂ ಇಲ್ಲಿ ಯಾರೂ ಬೇರೆ ದಾರಿ ಕೊರೆದಿಲ್ಲ. ಅತಿಥಿ ಬರೆದ ಪತ್ರವನ್ನು ಅದರ ಲಕೋಟೆಯ ಸಮೇತ ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ, ಮೇಲೆ ಎದುರಿನ ಆತಿಥೇಯದ ವಿಳಾಸ ಬರೆದು ಸಾಮಾನ್ಯ ಅಂತರಜಾಲದ ದಾರಿಯಲ್ಲೇ ಕಳುಹಿಸುತ್ತಾರೆ. ಎದುರಿನ ಆತಿಥೇಯ ಹೊರಗಿನ ಲಕೋಟೆಯನ್ನು ಹರಿದು, ಒಳಗಿನದನ್ನು ತನ್ನ ಅತಿಥಿಗೆ ಕೊಡುತ್ತದೆ. ಒಳಗೊಂದು ಪತ್ರವಿತ್ತೆಂದು ನಡುದಾರಿಯ ರೂಟರುಗಳಿಗೆ ತಿಳಿಯುವುದೇ ಇಲ್ಲ.

ಈ ಲಕೋಟೆಗಳಲ್ಲಿ ಹಲವು ಬಗೆ. ಜಿಆರ್‌ಇ ಎಂಬುದು ಹಳೆಯದು; ಅದರ ವಿವರಣೆ 1994ರಲ್ಲಿ ಪ್ರಕಟವಾಯಿತು. ವರ್ಚುವಲ್ ಯಂತ್ರಗಳಿಗೆಂದೇ ಹುಟ್ಟಿದ್ದು ವಿಎಕ್ಸ್‌ಲ್ಯಾನ್. ಅದರ ವಿವರಣೆ 2014ರದ್ದು. ಪ್ರತಿಯೊಂದು ವಿಎಕ್ಸ್‌ಲ್ಯಾನ್ ಜಾಲಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ 24 ಬಿಟ್‌ಗಳ ಜಾಗವಿರುವುದರಿಂದ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಜಾಲಗಳನ್ನು ಗುರುತಿಸಬಹುದು. ಈ ಗುರುತು ಸಂಖ್ಯೆ ಎರಡು ತುದಿಯಲ್ಲೂ ಒಂದೇ ಆಗಿರಬೇಕು. ಬಂಟ್ವಾಳದಲ್ಲಿ 100 ಎಂದೂ ಬೆಳ್ತಂಗಡಿಯಲ್ಲಿ 101 ಎಂದೂ ಬರೆದಿದ್ದರೆ ಲಕೋಟೆ ತಲುಪುತ್ತದೆ, ಆದರೆ ಒಳಗಿನ ಪತ್ರ ಯಾರಿಗೂ ಸಲ್ಲುವುದಿಲ್ಲ.

ಮೊದಲು ರಸ್ತೆ, ಆಮೇಲೆ ಸುರಂಗ

ಬೆಳ್ತಂಗಡಿ ಶಾಖೆಯಿಂದ ‘ಲೈನ್ ಹೋಗಿದೆ’ ಎಂದು ಫೋನ್ ಬಂತೆನ್ನಿ. ಮೊದಲು ಅತಿಥಿ ಯಂತ್ರಗಳನ್ನು ಮರೆತುಬಿಡಿ. ಬೆಳ್ತಂಗಡಿಯ ಆತಿಥೇಯ ಬಂಟ್ವಾಳದ ಆತಿಥೇಯವನ್ನು ಮುಟ್ಟುತ್ತದೆಯೇ ಎಂದಷ್ಟೇ ನೋಡಿ. ಹೊರಗಿನ ಲಕೋಟೆಯೇ ಹೋಗದಿದ್ದರೆ ಒಳಗಿನ ಪತ್ರದ ಮಾತೇಕೆ? ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದುಹೋಗುವುದು, ವಿದ್ಯುತ್ ಹೋಗಿ ಪೆಟ್ಟಿಗೆ ಆರುವುದು ನಮ್ಮ ಕಡೆ ಹೊಸದಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ವಿದ್ಯುತ್ ಹೋಗಿ ಬಂದ ಮೇಲೆ ಫೈಬರ್ ಮೋಡೆಮ್ ಮತ್ತೆ ಸಂಪರ್ಕ ಪಡೆಯುವಾಗ ಅದಕ್ಕೆ ಹೊಸ ವಿಳಾಸ ಸಿಗಬಹುದು. ಆಗ ಅಂತರಜಾಲ ಸರಿಯಾಗಿಯೇ ನಡೆಯುತ್ತದೆ, ಆದರೆ ಎದುರು ತುದಿ ಇನ್ನೂ ಹಳೆಯ ವಿಳಾಸಕ್ಕೇ ಲಕೋಟೆ ಕಳುಹಿಸುತ್ತಿರುತ್ತದೆ. ‘ನಿನ್ನೆ ಕರೆಂಟು ಹೋಗುವವರೆಗೆ ಸರಿ ಇತ್ತು’ ಎಂಬ ಮಾತು ಕೇಳಿದರೆ ಮೊದಲ ಅನುಮಾನ ಇಲ್ಲಿಗೆ ಹೋಗಲಿ. ಬದಲಾಗದ ವಿಳಾಸವನ್ನು ಸಂಪರ್ಕ ಕೊಡುವವರಿಂದ ಪಡೆಯುವುದೇ ಇದಕ್ಕೆ ನೇರ ಪರಿಹಾರ.

ನಿಮ್ಮ ಮೋಡೆಮಿಗೆ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದೆಯೇ ಎಂಬುದನ್ನೂ ನೋಡಿ. ಹಾಗಿದ್ದರೆ ಅದು ನಿಮ್ಮೊಬ್ಬರದಲ್ಲ. ಸಾಕಷ್ಟು ವಿಳಾಸಗಳಿಲ್ಲದ ಕಾರಣ ಒಂದೇ ಹೊರ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಲು 2012ರಲ್ಲಿ ಮೀಸಲಿಟ್ಟ ಗುಂಪು ಅದು. ಅಂಥ ಸಂಪರ್ಕದಿಂದ ಹೊರಗೆ ಹೋಗಬಹುದು. ಹೊರಗಿನವರು ತಾವಾಗಿ ಒಳಗೆ ಬರಲಾರರು. ಎರಡು ತುದಿಗಳಲ್ಲಿ ಒಂದಕ್ಕಾದರೂ ನೇರ ವಿಳಾಸ ಇರಬೇಕು.

ಬಾಗಿಲ ಸಂಖ್ಯೆ

ರಸ್ತೆ ಸರಿ ಇದೆ ಎಂದಾದ ಮೇಲೆ ಬಾಗಿಲು. ಪ್ರತಿ ಆತಿಥೇಯದಲ್ಲೂ ಫೈರ್‌ವಾಲ್ ಎಂಬ ಕಾವಲುಗಾರ ಇರುತ್ತದೆ. ವಿಎಕ್ಸ್‌ಲ್ಯಾನ್ ಲಕೋಟೆಗಳು ಯುಡಿಪಿ ಬಗೆಯವು. ಅವುಗಳ ಅಧಿಕೃತ ಬಾಗಿಲು 4789. ಆದರೆ ಲಿನಕ್ಸ್‌ಗೆ ವಿಎಕ್ಸ್‌ಲ್ಯಾನ್ ಬಂದದ್ದು ಈ ಸಂಖ್ಯೆ ಗೊತ್ತುಪಡಿಸುವ ಮೊದಲೇ. ಆದ್ದರಿಂದ ಬಾಗಿಲ ಸಂಖ್ಯೆ ಹೇಳದೆ ಬಿಟ್ಟರೆ ಅದು 8472 ಎಂದೇ ಹಿಡಿಯುತ್ತದೆ. ಒಂದು ತುದಿಯವರು ಸಂಖ್ಯೆ ಬರೆದು, ಇನ್ನೊಂದು ತುದಿಯವರು ಬರೆಯದೆ ಬಿಟ್ಟರೆ ಇಬ್ಬರೂ ಬೇರೆ ಬೇರೆ ಬಾಗಿಲು ಬಡಿಯುತ್ತ ಕುಳಿತಿರುತ್ತಾರೆ.

ಜಿಆರ್‌ಇ ಲಕೋಟೆಗೆ ಬಾಗಿಲ ಸಂಖ್ಯೆಯೇ ಇಲ್ಲ. ಅದಕ್ಕೆ 47 ಎಂಬ ಪ್ರತ್ಯೇಕ ಕ್ರಮ ಸಂಖ್ಯೆ ಇದೆ. ಯುಡಿಪಿಯ ಬಾಗಿಲು ತೆರೆದ ಮಾತ್ರಕ್ಕೆ ಜಿಆರ್‌ಇ ಒಳಗೆ ಬರುವುದಿಲ್ಲ. ಒಂದು ವಿಳಾಸವನ್ನು ಹಲವರಿಗೆ ಹಂಚುವ ಮೋಡೆಮ್ ಬಾಗಿಲ ಸಂಖ್ಯೆ ನೋಡಿಯೇ ಯಾವುದು ಯಾರಿಗೆಂದು ತಿಳಿಯುತ್ತದೆ. ಹೀಗಾಗಿ ಜಿಆರ್‌ಇ ಅಲ್ಲಿ ಅನೇಕ ಬಾರಿ ಸಿಕ್ಕಿಬೀಳುತ್ತದೆ.

ಪ್ರಯೋಗಾಲಯದಲ್ಲಿ ಕಲಿತವರು ಎಡವುವ ಜಾಗ ಒಂದಿದೆ. ಬೆಂಜನಪದವು, ಉಜಿರೆ, ಮಿಜಾರಿನಂಥ ಕಡೆ ಎಂಜಿನಿಯರಿಂಗ್ ಕಲಿಯುವ ವಿದ್ಯಾರ್ಥಿಗಳು ಅಕ್ಕಪಕ್ಕದ ಎರಡು ಗಣಕಗಳಲ್ಲಿ ಇದನ್ನು ಮಾಡಿ ನೋಡಬಹುದು, ಖರ್ಚಿಲ್ಲ. ಅಲ್ಲಿ ಎದುರು ತುದಿಯ ವಿಳಾಸ ಕೊಡದೆ ‘ಗುಂಪಿಗೆ ಕೂಗುವ’ ಮಲ್ಟಿಕ್ಯಾಸ್ಟ್ ವಿಧಾನದಿಂದಲೂ ವಿಎಕ್ಸ್‌ಲ್ಯಾನ್ ನಡೆಯುತ್ತದೆ. ಆದರೆ ಆ ಕೂಗು ಸಾಮಾನ್ಯ ಅಂತರಜಾಲದಲ್ಲಿ ಕಚೇರಿಯ ಗೋಡೆ ದಾಟುವುದಿಲ್ಲ. ಊರಿನಿಂದ ಊರಿಗೆ ಸುರಂಗ ಹಾಕುವಾಗ ಎದುರಿನ ಆತಿಥೇಯದ ವಿಳಾಸವನ್ನು ಸ್ಪಷ್ಟವಾಗಿ ಬರೆಯಲೇಬೇಕು.

ಚಿಕ್ಕದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ

ಈಗ ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಳ್ಳುವ ದೋಷಕ್ಕೆ ಬರೋಣ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಒಳಗೆ ಪ್ರವೇಶಿಸಲು ಹೆಸರು, ಗುಪ್ತಪದ ಕೇಳುತ್ತದೆ. ಸದಸ್ಯರ ಸಂಖ್ಯೆ ಹೊಡೆದರೆ ಹೆಸರೂ ಬರುತ್ತದೆ. ಆದರೆ ಆರು ತಿಂಗಳ ಲೆಕ್ಕ ತೋರಿಸು ಎಂದ ಕೂಡಲೇ ಪರದೆ ಅಲ್ಲೇ ನಿಲ್ಲುತ್ತದೆ. ಅಡಿಕೆಯ ಹಣ ಪಡೆಯಲು ಬಂದವರು ಸಾಲಿನಲ್ಲಿ ನಿಂತಿದ್ದಾರೆ. ‘ಲೈನ್ ಸರಿ ಇದೆ, ನಿಮ್ಮ ತಂತ್ರಾಂಶದ್ದೇ ತೊಂದರೆ’ ಎಂದು ಜಾಲದವರು, ‘ತಂತ್ರಾಂಶ ಸರಿ ಇದೆ, ಲೈನಿನದ್ದೇ ತೊಂದರೆ’ ಎಂದು ತಂತ್ರಾಂಶದವರು. ಇಬ್ಬರ ನಡುವೆ ದಿನ ಕಳೆಯುತ್ತದೆ.

ಕಾರಣ ಸರಳ. ದಾರಿಯಲ್ಲಿ ಒಂದು ಸಲಕ್ಕೆ ಹೋಗಬಹುದಾದ ಪೊಟ್ಟಣದ ಗಾತ್ರಕ್ಕೆ ಮಿತಿ ಇದೆ. ಅದನ್ನು ಎಂಟಿಯು ಎನ್ನುತ್ತಾರೆ. ಸಾಧಾರಣವಾಗಿ ಅದು 1500 ಬೈಟ್. ಅಂಚೆ ಪೆಟ್ಟಿಗೆಯ ಬಾಯಿಗೆ ಸರಿಯಾಗಿ ಹಿಡಿಸುವ ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಹಾಕಿದರೆ ಅದು ಆ ಬಾಯಿಗೆ ಹಿಡಿಸುವುದಿಲ್ಲ, ಅಲ್ಲವೇ? ಇಲ್ಲಿ ಆಗುವುದೂ ಅದೇ. ವಿಎಕ್ಸ್‌ಲ್ಯಾನ್‌ನ ಹೊರ ಲಕೋಟೆಗೆ ಹೊರ ವಿಳಾಸಕ್ಕೆ 20, ಯುಡಿಪಿಗೆ 8, ವಿಎಕ್ಸ್‌ಲ್ಯಾನ್ ಗುರುತಿಗೆ 8, ಒಳಗಿನ ಈಥರ್‌ನೆಟ್ ತಲೆಬರಹಕ್ಕೆ 14, ಒಟ್ಟು 50 ಬೈಟ್ ಬೇಕು. 1500ರಲ್ಲಿ 50 ಕಳೆದರೆ ಅತಿಥಿಗೆ ಉಳಿಯುವುದು 1450. ಆದರೆ ಅತಿಥಿಗೆ ಇದು ಗೊತ್ತಿಲ್ಲ. ತನಗೆ 1500 ಇದೆ ಎಂದೇ ನಂಬಿ ಅದು ತುಂಬಿಸಿ ಕಳುಹಿಸುತ್ತದೆ. ಪಿಂಗ್ ಚಿಕ್ಕದು, ದಾಟುತ್ತದೆ. ಹೆಸರು ಚಿಕ್ಕದು, ದಾಟುತ್ತದೆ. ಆರು ತಿಂಗಳ ಲೆಕ್ಕ ದೊಡ್ಡದು, ನಿಲ್ಲುತ್ತದೆ.

‘ಪೊಟ್ಟಣ ದೊಡ್ಡದಾಯಿತು’ ಎಂದು ದಾರಿಯ ರೂಟರ್ ಹಿಂದಕ್ಕೆ ಸುದ್ದಿ ಕಳುಹಿಸುವ ಏರ್ಪಾಡು 1990ರಿಂದಲೇ ಇದೆ. ಆದರೆ ಆ ಸುದ್ದಿ ತರುವ ಐಸಿಎಂಪಿ ಪೊಟ್ಟಣಗಳನ್ನು ಅನೇಕರು ಭದ್ರತೆಯ ಹೆಸರಿನಲ್ಲಿ ಫೈರ್‌ವಾಲಿನಲ್ಲೇ ತಡೆದುಬಿಡುತ್ತಾರೆ. ಇನ್ನು ಆತಿಥೇಯದೊಳಗಿನ ಬ್ರಿಡ್ಜ್ ರೂಟರ್ ಅಲ್ಲ. ಹಿಡಿಸದ ಪೊಟ್ಟಣವನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ಕಳುಹಿಸಿದವನಿಗೆ ಸುದ್ದಿಯೇ ಇಲ್ಲ. ಕೆಲವು ಏರ್ಪಾಡುಗಳಲ್ಲಿ ಹೊರ ಲಕೋಟೆಯನ್ನು ಎರಡು ತುಂಡು ಮಾಡಿ ಕಳುಹಿಸುವುದೂ ಉಂಟು. ಆ ತುಂಡುಗಳನ್ನು ನಡುದಾರಿಯ ಕಾವಲುಗಾರರು ಬಿಡಬೇಕೆಂದಿಲ್ಲ.

ಪರೀಕ್ಷಿಸುವುದು ಹೇಗೆ? ಬೆಳ್ತಂಗಡಿಯ ಅತಿಥಿಯಿಂದ ಬಂಟ್ವಾಳದ ಅತಿಥಿಗೆ ಪಿಂಗ್ ಮಾಡಿ, ಆದರೆ ಬರಿಯ ಪಿಂಗ್ ಅಲ್ಲ. ‘ತುಂಡು ಮಾಡಬಾರದು’ ಎಂಬ ಸೂಚನೆ ಸೇರಿಸಿ, ಗಾತ್ರವನ್ನು ನೀವೇ ಹೇಳಿ. ಪಿಂಗಿನ ಸ್ವಂತ ತಲೆಬರಹಗಳಿಗೆ 28 ಬೈಟ್ ಬೇಕಾಗುವುದರಿಂದ 1450ರ ದಾರಿಗೆ 1422 ಎಂದು ಹೇಳಬೇಕು; 1500ರ ದಾರಿಗೆ 1472. 1422 ದಾಟಿ 1472 ದಾಟದಿದ್ದರೆ ದೋಷ ಕೈಗೆ ಸಿಕ್ಕಿತು.

ಪರಿಹಾರ: ಪ್ರತಿ ಅತಿಥಿಯಲ್ಲೂ ಎಂಟಿಯು 1450 ಎಂದು ಬರೆಯಿರಿ. ಸುರಂಗದ ದಾರಿಯಲ್ಲಿ ನಿಮ್ಮದೇ ರೂಟರ್ ಇದ್ದರೆ, ಟಿಸಿಪಿ ಮಾತುಕತೆಯ ಆರಂಭದಲ್ಲೇ ತುಂಡಿನ ಗಾತ್ರವನ್ನು 1410ಕ್ಕೆ ಇಳಿಸುವಂತೆ ಅದಕ್ಕೆ ಹೇಳಬಹುದು. ಆದರೆ ಎಲ್ಲೆಡೆ 1450 ಎಂದು ಬಾಯಿಪಾಠ ಮಾಡಬೇಡಿ. ಮನೆ, ಕಚೇರಿಗಳಿಗೆ ಬರುವ ಅನೇಕ ಫೈಬರ್ ಸಂಪರ್ಕಗಳು ಪಿಪಿಪಿಓಇ ವಿಧಾನದವು. ಅದಕ್ಕೆ ಇನ್ನೂ 8 ಬೈಟ್ ಬೇಕಾಗುವುದರಿಂದ ಹೊರದಾರಿಯೇ 1492. ಆಗ ಅತಿಥಿಗೆ ಉಳಿಯುವುದು 1442. ಬಂಟ್ವಾಳದಲ್ಲಿ ಒಂದು ಬಗೆಯ ಸಂಪರ್ಕ, ಬೆಳ್ತಂಗಡಿಯಲ್ಲಿ ಇನ್ನೊಂದು ಬಗೆ ಇದ್ದರೆ, ಇಕ್ಕಟ್ಟಾದ ಕಡೆಯ ಅಳತೆಯೇ ಇಡೀ ದಾರಿಯ ಅಳತೆ.

ಮೂರು ಊರು, ಮೂರು ಸುರಂಗ, ಒಂದು ಸುಳಿ

ಬಂಟ್ವಾಳದಿಂದ ಪುಂಜಾಲಕಟ್ಟೆಯ ಮೇಲಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮೇಲಿಂದ ಮೂಡುಬಿದಿರೆಗೆ, ಮೂಡುಬಿದಿರೆಯಿಂದ ಸಿದ್ದಕಟ್ಟೆಯ ಮೇಲಿಂದ ಮತ್ತೆ ಬಂಟ್ವಾಳಕ್ಕೆ ಬರಬಹುದು. ಒಂದು ದಾರಿ ಕಟ್ಟಿದರೆ ಇನ್ನೊಂದು ಇರಲಿ ಎಂದು ಸಂಘವು ಮೂರು ಊರುಗಳ ನಡುವೆ ಮೂರು ಸುರಂಗ ಹಾಕಿ, ಪ್ರತಿ ಕಚೇರಿಯಲ್ಲೂ ಎರಡೆರಡು ಸುರಂಗದ ಬಾಯಿಗಳನ್ನು ಒಂದೇ ಬ್ರಿಡ್ಜಿಗೆ ಜೋಡಿಸಿತೆನ್ನಿ. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಕೆಟ್ಟದ್ದು.

ಗಣಕವೊಂದು ‘ಈ ವಿಳಾಸ ಯಾರದು?’ ಎಂದು ಎಲ್ಲರಿಗೂ ಕೇಳುವಂತೆ ಕೂಗುವುದುಂಟು. ಆ ಕೂಗನ್ನು ಬಂಟ್ವಾಳ ಬೆಳ್ತಂಗಡಿಗೆ ಕೊಡುತ್ತದೆ, ಬೆಳ್ತಂಗಡಿ ಮೂಡುಬಿದಿರೆಗೆ, ಮೂಡುಬಿದಿರೆ ಮತ್ತೆ ಬಂಟ್ವಾಳಕ್ಕೆ. ಈಥರ್‌ನೆಟ್ ಪೊಟ್ಟಣಕ್ಕೆ ‘ಇಷ್ಟು ಸುತ್ತಿದ ಮೇಲೆ ಸಾಯಿ’ ಎಂಬ ಆಯುಷ್ಯವಿಲ್ಲ. ಅದು ಸುತ್ತುತ್ತಲೇ ಇರುತ್ತದೆ, ಒಂದು ನೂರಾಗಿ ನೂರು ಸಾವಿರವಾಗುತ್ತದೆ. ಕ್ಷಣಮಾತ್ರದಲ್ಲಿ ಮೂರೂ ಕಚೇರಿಗಳು ಸ್ತಬ್ಧ. ಒಂದು ಸುರಂಗ ಮುಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದೇ ಈ ದೋಷದ ಗುರುತು.

ರಾಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲೇ ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಪರಿಹಾರ ಕೊಟ್ಟರು. ಬ್ರಿಡ್ಜುಗಳು ತಮ್ಮೊಳಗೆ ಮಾತಾಡಿಕೊಂಡು, ಸುತ್ತು ಬರುವ ಒಂದು ದಾರಿಯನ್ನು ತಾವೇ ಮುಚ್ಚಿಡುತ್ತವೆ. ಇನ್ನೊಂದು ದಾರಿ ಕೆಟ್ಟಾಗ ತೆರೆಯುತ್ತವೆ. ಲಿನಕ್ಸ್‌ನ ಬ್ರಿಡ್ಜಿನಲ್ಲಿ ಈ ಸೌಲಭ್ಯವಿದೆ, ಆದರೆ ಸಾಮಾನ್ಯವಾಗಿ ನಾವೇ ಅದನ್ನು ಚಾಲೂ ಮಾಡಬೇಕಾಗುತ್ತದೆ. ಅದು ಬೇಡವೆಂದರೆ ಬಂಟ್ವಾಳವನ್ನು ನಡುಮನೆ ಮಾಡಿ ಎರಡೇ ಸುರಂಗ ಇಟ್ಟುಕೊಳ್ಳಿ.

ಇದೇ ಜಾತಿಯ ಇನ್ನೊಂದು ತೊಂದರೆ ನಕಲಿನದು. ಬಂಟ್ವಾಳದ ಅತಿಥಿ ಯಂತ್ರವನ್ನು ಹಾಗೆಯೇ ನಕಲು ಮಾಡಿ ಮೂಡುಬಿದಿರೆಯಲ್ಲಿ ಎಬ್ಬಿಸಿದರೆ, ಅದರ ಜಾಲಪಟ್ಟಿಯ ಮ್ಯಾಕ್ ವಿಳಾಸವೂ ನಕಲಾಗಿರಬಹುದು. ಸುರಂಗದಿಂದ ಇಬ್ಬರೂ ಒಂದೇ ಕೋಣೆಗೆ ಬಂದ ಮೇಲೆ, ಒಂದೇ ಹೆಸರಿನ ಇಬ್ಬರಿಗೆ ಬಂದ ಪತ್ರಗಳಂತೆ ಪೊಟ್ಟಣಗಳು ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ ಹೋಗುತ್ತವೆ. ಸಂಪರ್ಕ ಬಿಟ್ಟು ಬಿಟ್ಟು ಬರುತ್ತಿದ್ದರೆ ಇದನ್ನು ನೋಡಿ.

ಪೊಟ್ಟಣ ಕಳೆದುಹೋದದ್ದು ಎಲ್ಲಿ?

ಇಷ್ಟಾದರೂ ದೋಷ ಸಿಗದಿದ್ದರೆ ಊಹೆ ಸಾಕು, ನೋಡುವುದೇ ದಾರಿ. ಟಿಸಿಪಿಡಂಪ್ ಎಂಬ ತಂತ್ರಾಂಶ ಹಾದುಹೋಗುವ ಪೊಟ್ಟಣಗಳನ್ನು ತೋರಿಸುತ್ತದೆ. ಬೆಳ್ತಂಗಡಿಯ ಅತಿಥಿಯಿಂದ ಪಿಂಗ್ ನಡೆಯುತ್ತಿರುವಾಗ ನಾಲ್ಕು ಜಾಗಗಳಲ್ಲಿ ನೋಡಿ: ಬೆಳ್ತಂಗಡಿಯ ಬ್ರಿಡ್ಜ್, ಬೆಳ್ತಂಗಡಿ ಆತಿಥೇಯದ ಹೊರಬಾಗಿಲು, ಬಂಟ್ವಾಳ ಆತಿಥೇಯದ ಹೊರಬಾಗಿಲು, ಬಂಟ್ವಾಳದ ಬ್ರಿಡ್ಜ್.

ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಲಕೋಟೆಯೇ ತಯಾರಾಗಿಲ್ಲ, ಅಥವಾ ತಯಾರಾದದ್ದನ್ನು ಆ ಕಡೆಯ ಫೈರ್‌ವಾಲ್ ಹೊರಗೆ ಬಿಟ್ಟಿಲ್ಲ. ಸುರಂಗದ ಬಾಯಿ ಬ್ರಿಡ್ಜಿಗೆ ಸೇರಿದೆಯೇ, ಎದುರಿನ ವಿಳಾಸ ಬರೆದಿದೆಯೇ ನೋಡಿ. ಎರಡನೆಯದರಲ್ಲಿ ಕಂಡು ಮೂರನೆಯದರಲ್ಲಿ ಕಾಣದಿದ್ದರೆ ದಾರಿಯಲ್ಲಿ, ಇಲ್ಲವೇ ಮೋಡೆಮಿನಲ್ಲಿ ಕಳೆದಿದೆ. ಮೂರನೆಯದರಲ್ಲಿ ಕಂಡು ನಾಲ್ಕನೆಯದರಲ್ಲಿ ಕಾಣದಿದ್ದರೆ ಬಂಟ್ವಾಳದ ಫೈರ್‌ವಾಲ್, ಬಾಗಿಲ ಸಂಖ್ಯೆ, ಜಾಲದ ಗುರುತು ಸಂಖ್ಯೆ, ಈ ಮೂರನ್ನು ನೋಡಿ. ಒಳಬರುವ ಪೊಟ್ಟಣವನ್ನು ಟಿಸಿಪಿಡಂಪ್ ನೋಡುವುದು ಫೈರ್‌ವಾಲಿಗಿಂತ ಮೊದಲು ಎಂಬುದನ್ನು ಮರೆಯಬೇಡಿ. ಅದು ಕಂಡಿತೆಂದರೆ ಮನೆಯ ಜಗಲಿಗೆ ಬಂದಿದೆ ಎಂದಷ್ಟೇ ಅರ್ಥ, ಒಳಗೆ ಬಂದಿದೆ ಎಂದಲ್ಲ.

ಎಲ್ಲ ಸರಿ ಇದ್ದು ಪಿಂಗ್ ಮಾತ್ರ ನಡೆದು ಉಳಿದದ್ದು ನಡೆಯದಿದ್ದರೆ, ಗಾತ್ರದ ದೋಷವೂ ಅಲ್ಲವೆಂದಾದರೆ, ಇನ್ನೊಂದು ಜಾಗ ಉಳಿಯುತ್ತದೆ. ಪೊಟ್ಟಣದ ತಾಳೆಸಂಖ್ಯೆಯನ್ನು ಲೆಕ್ಕ ಹಾಕುವ ಕೆಲಸವನ್ನು ಗಣಕ ಜಾಲಪಟ್ಟಿಗೆ ಬಿಡುವುದುಂಟು. ಲಕೋಟೆಯೊಳಗಿನ ಲಕೋಟೆಯಲ್ಲಿ ಕೆಲವು ಜಾಲಪಟ್ಟಿಗಳು ಈ ಲೆಕ್ಕವನ್ನು ತಪ್ಪುತ್ತವೆ. ಆ ಸೌಲಭ್ಯವನ್ನು ಆರಿಸಿ ನೋಡಿದರೆ ತಿಳಿಯುತ್ತದೆ.

ಅಂಟು ಹಾಕದ ಲಕೋಟೆ

ಓದುಗರು ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ವಿಎಕ್ಸ್‌ಲ್ಯಾನ್ ಆಗಲಿ ಜಿಆರ್‌ಇ ಆಗಲಿ ಅಂಟು ಹಾಕಿದ ಲಕೋಟೆಗಳಲ್ಲ. ನಡುವೆ ಕುಳಿತವನು ತೆರೆದು ಓದಬಹುದು, ಸುಳ್ಳು ಪತ್ರ ಸೇರಿಸಲೂಬಹುದು. ಸದಸ್ಯರ ಠೇವಣಿ, ಸಾಲ, ಸಹಿಯ ವಿವರಗಳು ಹೀಗೆ ಊರಿಂದೂರಿಗೆ ಬರಿಮೈಯಲ್ಲಿ ಹೋಗಬಾರದು. ಐಪಿಸೆಕ್ ಅಥವಾ ವೈರ್‌ಗಾರ್ಡ್ ಎಂಬ ಗುಪ್ತಲಿಪಿಯ ಸುರಂಗವನ್ನು ಮೊದಲು ಹಾಕಿ, ಅದರೊಳಗೆ ಇದನ್ನು ನಡೆಸಬೇಕು. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್‌ನೊಳಗೆ ಸೇರಿತು. ಒಂದು ತುದಿಯ ವಿಳಾಸ ಬದಲಾದರೂ ಆ ಕಡೆಯಿಂದ ಪೊಟ್ಟಣ ಬಂದ ಕೂಡಲೇ ಅದು ಹೊಸ ವಿಳಾಸ ಕಲಿತುಕೊಳ್ಳುತ್ತದೆ. ನಮ್ಮ ಕಡೆಯ ವಿದ್ಯುತ್ತಿಗೆ ಇದು ದೊಡ್ಡ ಅನುಕೂಲ. ಆದರೆ ಲಕೋಟೆ ಈಗ ಮೂರಾಯಿತು. ವೈರ್‌ಗಾರ್ಡಿನ ಎಂಟಿಯು ಸಾಮಾನ್ಯವಾಗಿ 1420. ಅದರೊಳಗಿನ ವಿಎಕ್ಸ್‌ಲ್ಯಾನ್ 50 ಕಳೆದು ಅತಿಥಿಗೆ 1370 ಕೊಡುತ್ತದೆ.

ಪರೀಕ್ಷೆಯ ಕ್ರಮ

1. ಆತಿಥೇಯದಿಂದ ಆತಿಥೇಯಕ್ಕೆ ದಾರಿ ಇದೆಯೇ? ವಿಳಾಸ ಬದಲಾಗಿದೆಯೇ?
2. ಎರಡೂ ತುದಿಯಲ್ಲಿ ಬಾಗಿಲ ಸಂಖ್ಯೆ, ಜಾಲದ ಗುರುತು ಸಂಖ್ಯೆ ಒಂದೇ ಇವೆಯೇ? ಫೈರ್‌ವಾಲ್ ತೆರೆದಿದೆಯೇ?
3. ಸುರಂಗದ ಬಾಯಿ ಬ್ರಿಡ್ಜಿಗೆ ಸೇರಿದೆಯೇ?
4. ಚಿಕ್ಕ ಪಿಂಗ್ ದಾಟಿದ ಮೇಲೆ ತುಂಬು ಗಾತ್ರದ ಪಿಂಗ್ ದಾಟುತ್ತದೆಯೇ?
5. ಸುತ್ತು ದಾರಿ ಇದೆಯೇ? ಒಂದೇ ಮ್ಯಾಕ್ ವಿಳಾಸ ಎರಡು ಕಡೆ ಇದೆಯೇ?
6. ನಾಲ್ಕು ಜಾಗಗಳಲ್ಲಿ ಪೊಟ್ಟಣವನ್ನು ಕಣ್ಣಾರೆ ನೋಡಿದಿರಾ?

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಎಲ್ಲವೂ ಸರಿ ಇರುವ ದಿನವೇ ವಿಳಾಸಗಳನ್ನೂ ಸಂಖ್ಯೆಗಳನ್ನೂ ದಾಟುವ ಪಿಂಗಿನ ಗಾತ್ರವನ್ನೂ ಒಂದು ಹಾಳೆಯಲ್ಲಿ ಬರೆದು ಮೂರೂ ಕಚೇರಿಗಳಲ್ಲಿ ಇಡಿ. ಕೆಟ್ಟ ದಿನ ಆ ಹಾಳೆಗೆ ಹೋಲಿಸಿದರೆ ಅರ್ಧ ಕೆಲಸ ಮುಗಿಯಿತು. ಪಿಂಗ್ ಬಂದ ಮಾತ್ರಕ್ಕೆ ಸುರಂಗ ಸರಿ ಇದೆ ಎಂದು ಫೋನ್ ಕೆಳಗಿಡಬೇಡಿ. ಸಾಲಿನ ಕೊನೆಯಲ್ಲಿ ನಿಂತ ಸದಸ್ಯರ ಪಾಸ್‌ಬುಕ್ ಪೂರ್ತಿ ಅಚ್ಚಾಗಿ ಕೈಗೆ ಬಂದಾಗ ಮಾತ್ರ ಅದು ಸರಿಯಾದಂತೆ.